ಚಿಗುರಿದ ಕಡ್ಡಿಯನ್ನು ನಂಬಬೇಡಿ

ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಇರುವ ಗಂಜಾಂ ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರುವಾಸಿ. ಆ ಹಣ್ಣನ್ನು ಕಚ್ಚಿದಾಗ ಹಲ್ಲಿಗೆ ಸಿಗುವ ಬೀಜಗಳು ಬಹುಪಾಲು ಜೊಳ್ಳು. ನಮ್ಮಲ್ಲಿ ಬೆಳೆಯುವ ಅಂಜೂರ ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುತ್ತದೆ. ಆದ್ದರಿಂದ ಗಿಡ ಬೇಕೆಂದರೆ ಗೂಟಿ ಕಟ್ಟಬೇಕು, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ತೊಗಟೆ ಸುಲಿದು ಬೇರು ಬರಿಸಬೇಕು, ಇಲ್ಲವೇ ಕಡ್ಡಿ ನೆಡಬೇಕು.

ಕಡ್ಡಿ ನೆಡುವುದು ಮಂಡ್ಯದವರಿಗೆ ಹೇಳಿಕೊಡಬೇಕಾದ ವಿದ್ಯೆಯೇನಲ್ಲ. ಕಬ್ಬು, ಹಿಪ್ಪುನೇರಳೆ ಎರಡೂ ಹಾಗೆಯೇ ಬೆಳೆಯುವುದು. ಆದರೆ ಕಬ್ಬಿನ ಲೆಕ್ಕಾಚಾರ ಹಣ್ಣಿನ ಗಿಡದಲ್ಲಿ ಕೈಕೊಡುತ್ತದೆ. ಕಬ್ಬಿನ ಗೆಣ್ಣಿನ ಸುತ್ತ ಸಾಲಾಗಿ ಚುಕ್ಕೆಗಳಿರುತ್ತವಲ್ಲ, ಅವು ಮೊದಲೇ ಸಿದ್ಧವಾಗಿ ಕುಳಿತ ಬೇರಿನ ಮೂಲಗಳು. ತೇವ ತಾಗಿದರೆ ಸಾಕು, ಹೊರಬರುತ್ತವೆ. ಎಷ್ಟೋ ಹಣ್ಣಿನ ಗಿಡಗಳ ಕಡ್ಡಿಯಲ್ಲಿ ಬೇರು ಹೊಸದಾಗಿಯೇ ಹುಟ್ಟಬೇಕು.

ಆ ಕೆಲಸ ಶುರುವಾಗುವುದು ಆಕ್ಸಿನ್ ಎಂಬ ಹಾರ್ಮೋನಿನಿಂದ. ಚಿಗುರು, ಎಳೆಯ ಎಲೆಗಳಲ್ಲಿ ತಯಾರಾಗುವ ಇದು ಕಾಂಡದಲ್ಲಿ ಬುಡದ ಕಡೆಗೆ ಇಳಿಯುತ್ತದೆ. ಕಡಿದ ಜಾಗದಲ್ಲಿ ಮುಂದೆ ದಾರಿಯಿಲ್ಲದೆ ಅಲ್ಲೇ ಶೇಖರವಾಗುತ್ತದೆ. ಆಗ ತೊಗಟೆಯಡಿಯ ಕೆಲವು ಜೀವಕೋಶಗಳು ತಮ್ಮ ಹಳೆಯ ಕಸುಬು ಬಿಟ್ಟು ಬೇರಾಗಲು ಹೊರಡುತ್ತವೆ. ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೂ ಅದಕ್ಕೆ ತನ್ನ ಬುಡ ಯಾವುದೆಂಬುದು ಮರೆಯುವುದಿಲ್ಲ, ಮರೆಯುವವರು ನಾವು. ಅದಕ್ಕೇ ನರ್ಸರಿಯವರು ಬುಡವನ್ನು ಓರೆಯಾಗಿಯೂ ತುದಿಯನ್ನು ನೇರವಾಗಿಯೂ ಕತ್ತರಿಸುತ್ತಾರೆ. ಅವರು ಬುಡಕ್ಕೆ ಹಚ್ಚುವ ಪುಡಿಯಲ್ಲಿರುವ ಇಂಡೋಲ್ ಬ್ಯುಟಿರಿಕ್ ಆಮ್ಲವೂ ಆಕ್ಸಿನ್ ಜಾತಿಯದೇ.

ಮೋಸವಾಗುವುದು ಇದರ ನಂತರ. ಪೆನ್ಸಿಲ್ ಗಾತ್ರದ ಅಂಜೂರದ ಕಡ್ಡಿ ನೆಟ್ಟ ಕೆಲವೇ ವಾರಗಳಲ್ಲಿ ಮೇಲಿನ ಕಣ್ಣು ಒಡೆದು ಎಳೆ ಎಲೆ ಬಿಚ್ಚಿಕೊಳ್ಳುತ್ತದೆ. ಮನೆಯವರೆಲ್ಲ ಗಿಡ ಹಿಡಿಯಿತು ಎನ್ನುತ್ತಾರೆ. ಕಡ್ಡಿಯಲ್ಲಿ ಕೂಡಿಟ್ಟ ಪಿಷ್ಟವನ್ನು ತಿಂದು ಬಂದ ಚಿಗುರು ಅದು. ಕೆಳಗೆ ಬೇರಿನ ಸುಳಿವೇ ಇಲ್ಲದಿರಬಹುದು. ಎಲೆ ಅಗಲವಾದಷ್ಟೂ ನೀರು ಆವಿಯಾಗುತ್ತದೆ, ಎಳೆದುಕೊಡುವವರಿಲ್ಲ. ಎಲೆ ಜೋತುಬೀಳುತ್ತದೆ. ಬಾಯಾರಿಕೆಯೆಂದು ತಿಳಿದು ಇನ್ನೆರಡು ಚೊಂಬು ನೀರು ಸುರಿದರೆ ಬುಡ ಕೊಳೆಯುತ್ತದೆ. ಬೇಕಾದದ್ದು ನೆರಳು, ನೀರು ಬಸಿದುಹೋಗುವ ಮರಳುಮಣ್ಣು, ಎಲೆಯ ಸುತ್ತ ತೇವದ ಗಾಳಿ. ಅನುಮಾನವಿದ್ದರೆ ತೊಗಟೆಯನ್ನು ಉಗುರಿನಿಂದ ಗೀರಿ ನೋಡಿ: ಹಸಿರಿದ್ದರೆ ಜೀವವಿದೆ. ಬೇರು ಬಂತೇ ಎಂದು ಕಿತ್ತು ನೋಡುವ ಚಪಲ ಮಾತ್ರ ಬೇಡ, ಎಳೆಬೇರು ಮುರಿಯುತ್ತದೆ.

ದಾಳಿಂಬೆ, ದ್ರಾಕ್ಷಿಗಳೂ ಕಡ್ಡಿಗೆ ಒಲಿಯುತ್ತವೆ. ಹಣ್ಣು ಬಿಡುವ ಬಾದಾಮಿ ಮಾವಿನ ಕೊಂಬೆ ಸುಲಭಕ್ಕೆ ಬಗ್ಗುವುದಿಲ್ಲ. ಮರಕ್ಕೆ ವಯಸ್ಸಾದಷ್ಟೂ ಬೇರು ಬಿಡುವ ಶಕ್ತಿ ಕುಗ್ಗುತ್ತದೆ. ಅದಕ್ಕೆ ಓಟೆಯಿಂದ ಬೆಳೆಸಿದ ಸಸಿಯ ಮೇಲೆ ಕಸಿ ಕಟ್ಟುವುದೇ ಸರಿ.