ಸ್ವೀಡನ್‌ನಲ್ಲಿ ಪಿಎಚ್‌ಡಿ ಮಾಡಲು ಎಷ್ಟು ಫೀಸು ಕಟ್ಟಬೇಕು?

ಓದುಗರ ಪ್ರಶ್ನೆ: ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮುಗಿಸಿದ್ದೇನೆ. ಸ್ವೀಡನ್‌ನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುವ ಆಸೆ. ಫೀಸು ಎಷ್ಟಾಗುತ್ತದೆ? ಬ್ಯಾಂಕ್ ಸಾಲ ಮಾಡಬೇಕಾ?

ಫೀಸೇ ಇಲ್ಲ. ಸಾಲದ ಯೋಚನೆ ಬಿಡಿ. ನಮ್ಮಂಥ ಹೊರಗಿನ ದೇಶದವರು ಅಲ್ಲಿ ಡಿಗ್ರಿ, ಮಾಸ್ಟರ್ಸ್ ಓದಿದರೆ 2011ರಿಂದ ಫೀಸು ಕಟ್ಟಬೇಕು, ನಿಜ. ಪಿಎಚ್‌ಡಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಉಪ್ಸಾಲಾ, ಲುಂಡ್, ಸ್ಟಾಕ್‌ಹೋಮ್‌ನ ತಾಂತ್ರಿಕ ಯೂನಿವರ್ಸಿಟಿ ಕೆಟಿಎಚ್, ಎಲ್ಲಿ ಸೇರಿದರೂ ಪಿಎಚ್‌ಡಿ ಮಾಡುವವರು ಸಾಮಾನ್ಯವಾಗಿ ಯೂನಿವರ್ಸಿಟಿಯ ನೌಕರರು. ತೆರಿಗೆ ಕಳೆಯುವ ಮುಂಚೆ ತಿಂಗಳಿಗೆ 30,000 ಕ್ರೋನಾದ (ಸ್ವೀಡನ್‌ನ ಹಣ) ಆಸುಪಾಸು ಅಥವಾ ಇನ್ನೂ ಜಾಸ್ತಿ ಸಂಬಳ ಸಿಗುತ್ತದೆ. ಸಂಶೋಧನೆ ಮುಂದೆ ಸಾಗಿದ ಹಾಗೆ ಅದೂ ಏರುತ್ತದೆ. ವರ್ಷಕ್ಕೆ ಕನಿಷ್ಠ 25 ದಿನ ರಜೆ. ಮಗುವಾಗಿ ರಜೆ ಹಾಕಿದರೆ ಅಷ್ಟು ದಿನ ಕೆಲಸದ ಅವಧಿಯನ್ನೂ ಮುಂದಕ್ಕೆ ಹಾಕುತ್ತಾರೆ. ಪಿಎಚ್‌ಡಿ ನಾಲ್ಕು ವರ್ಷದ್ದು. ಜೊತೆಗೆ ಪಾಠ ಮಾಡುವ ಕೆಲಸವನ್ನೂ ಕೊಟ್ಟರೆ ಐದು ವರ್ಷದವರೆಗೆ ಹೋಗುತ್ತದೆ.

ಇದು ನೌಕರಿ ಅನ್ನುವುದು ಗೊತ್ತಾದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಪ್ರವೇಶ ಪರೀಕ್ಷೆ ಇರುವುದಿಲ್ಲ. ಒಂದು ಪ್ರಾಜೆಕ್ಟ್‌ಗೆ ಹಣ ಬಂದಾಗ ಹುದ್ದೆಯ ಜಾಹೀರಾತು ಬರುತ್ತದೆ, ಅದಕ್ಕೆ ಅರ್ಜಿ ಹಾಕಬೇಕು. ಯೂನಿವರ್ಸಿಟಿಗಳ ಉದ್ಯೋಗ ಪುಟಗಳಲ್ಲಿ ಇವು ಸಿಗುತ್ತವೆ. ಯುರೋಪಿಯನ್ ಕಮಿಷನ್ ನಡೆಸುವ ಯೂರಾಕ್ಸೆಸ್ ತಾಣದಲ್ಲೂ ಹುಡುಕಿ. ಅರ್ಹತೆಯ ಸಾಮಾನ್ಯ ನಿಯಮ 240 ಕ್ರೆಡಿಟ್ (ಒಂದು ವರ್ಷದ ಪೂರ್ತಿ ಓದಿಗೆ 60 ಕ್ರೆಡಿಟ್), ಅದರಲ್ಲಿ 60 ಮಾಸ್ಟರ್ಸ್ ಮಟ್ಟದ್ದಾಗಿರಬೇಕು. ಬಿಎಸ್ಸಿ, ಎಂಎಸ್ಸಿ ಎರಡೂ ಮಾಡಿದ ನಿಮಗೆ ಇದು ದೊಡ್ಡ ತೊಡಕಾಗಲಾರದು.

ನಮ್ಮವರು ಎಡವುವುದು ಅರ್ಜಿಯ ಜೊತೆ ಕಳಿಸುವ ಪತ್ರದಲ್ಲಿ. ಐವತ್ತು ಪ್ರೊಫೆಸರ್‌ಗಳಿಗೆ ಒಂದೇ ಇಮೇಲ್ ಕಳಿಸಿ ಉತ್ತರಕ್ಕೆ ಕಾಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ವರ್ಷಗಳ ಶ್ರಮಕ್ಕೆ ಅದು ನ್ಯಾಯವಲ್ಲ. ಜಾಹೀರಾತನ್ನು ಸಾಲು ಸಾಲಾಗಿ ಓದಿ. ಇರಲೇಬೇಕಾದ ಅರ್ಹತೆ ಯಾವುದು, ಇದ್ದರೆ ಒಳ್ಳೆಯದು ಅನ್ನುವುದು ಯಾವುದು ಅಂತ ಬೇರೆ ಬೇರೆ ಬರೆದಿರುತ್ತಾರೆ. ಆಯ್ಕೆ ಮಾಡುವವರು ಅದನ್ನೇ ಎದುರಿಗಿಟ್ಟುಕೊಂಡು ಅರ್ಜಿಗಳನ್ನು ತೂಗುತ್ತಾರೆ. ಬ್ಯಾಟರಿಗೆ ಬೇಕಾದ ವಸ್ತುಗಳ ಮೇಲೆ ಪ್ರಾಜೆಕ್ಟ್ ಇದೆ ಅಂದುಕೊಳ್ಳಿ. ‘ನನಗೆ ಚಿಕ್ಕಂದಿನಿಂದ ವಿಜ್ಞಾನ ಇಷ್ಟ’ ಅಂತ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಯಾವ ವಸ್ತು ತಯಾರಿಸಿದಿರಿ, ಎಕ್ಸ್‌ಆರ್‌ಡಿ (ಎಕ್ಸ್-ರೇ ಹಾಯಿಸಿ ವಸ್ತುವಿನ ಒಳರಚನೆ ನೋಡುವ ಪರೀಕ್ಷೆ) ನೀವೇ ಮಾಡಿದಿರಾ, ಬೇರೆಯವರಿಂದ ಮಾಡಿಸಿದಿರಾ, ಫಲಿತಾಂಶ ಕೈಕೊಟ್ಟಾಗ ಕಾರಣ ಹೇಗೆ ಹುಡುಕಿದಿರಿ, ಇವನ್ನು ಬರೆಯಿರಿ. ಪತ್ರ ಒಂದೆರಡು ಪುಟದೊಳಗಿದ್ದರೆ ಸಾಕು. ಜಾಹೀರಾತಿನಲ್ಲಿ ಸಾಮಾನ್ಯವಾಗಿ ಮಾರ್ಗದರ್ಶಕರ ಹೆಸರು, ಇಮೇಲ್ ಇರುತ್ತದೆ. ಪ್ರಾಜೆಕ್ಟ್ ಬಗ್ಗೆ ನಿಜವಾದ ಅನುಮಾನವಿದ್ದರೆ ಅವರನ್ನು ಕೇಳಬಹುದು, ಸಂಕೋಚ ಬೇಡ.

ಈ ಹುದ್ದೆಗಳ ಅರ್ಜಿಗೆ ಶುಲ್ಕವಿಲ್ಲ, ಏಜೆಂಟರೂ ಬೇಕಿಲ್ಲ. ದುಡ್ಡು ಕೊಟ್ಟರೆ ಸೀಟು ಕೊಡಿಸುತ್ತೇನೆ ಅನ್ನುವವರನ್ನು ನಂಬಬೇಡಿ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಸ್ವೀಡನ್‌ನಲ್ಲಿ ಸರ್ಕಾರಿ ಸಂಸ್ಥೆಗಳ ಕಾಗದಪತ್ರವನ್ನು ಯಾರು ಬೇಕಾದರೂ ಕೇಳಿ ನೋಡುವ ಹಕ್ಕಿದೆ. 1766ರ ಪತ್ರಿಕಾ ಸ್ವಾತಂತ್ರ್ಯ ಕಾನೂನಿನಿಂದ ಬಂದ ಪದ್ಧತಿ ಅದು. ಸರ್ಕಾರಿ ಯೂನಿವರ್ಸಿಟಿಗೆ ಕಳಿಸಿದ ನಿಮ್ಮ ಅರ್ಜಿಗೂ ಇದು ಅನ್ವಯಿಸುತ್ತದೆ. ಹಾಗಾಗಿ ಅವರು ಕೇಳದಿದ್ದರೆ ಆಧಾರ್ ನಂಬರ್, ಮನೆಯವರ ವಿವರ ಇವನ್ನೆಲ್ಲ ಸುಮ್ನೆ ತುಂಬಬೇಡಿ.