ಟೋಪಿಯಿಂದ ಹೊಗೆ ಬಿಡುವ ಮನುಷ್ಯ

ಹತ್ತು ಅಡಿ ಎತ್ತರದ ಕಬ್ಬಿಣದ ಆಳು. ಮೈಯೊಳಗೆ ಬಾಯ್ಲರ್, ತಲೆ ಮೇಲಿನ ಉದ್ದ ಟೋಪಿಯೇ ಚಿಮಣಿ. ಹಿಂದೊಂದು ಗಾಡಿ, ಅದರಲ್ಲಿ ಜಾನಿ ಅನ್ನೋ ಹುಡುಗ. 1868ರಲ್ಲಿ ಎಡ್ವರ್ಡ್ ಎಸ್. ಎಲ್ಲಿಸ್ ಬರೆದ 'ದ ಸ್ಟೀಮ್ ಮ್ಯಾನ್ ಆಫ್ ದ ಪ್ರೈರೀಸ್' ಕಾದಂಬರಿಯ ಸವಾರಿ ಇದು.

ಎಲ್ಲಿಸ್ ಸ್ಕೂಲ್ ಮೇಷ್ಟ್ರು. ಹುಟ್ಟಿದ್ದು 1840ರಲ್ಲಿ, ಅಮೆರಿಕದ ಒಹಾಯೋದಲ್ಲಿ. ಇಪ್ಪತ್ತರ ವಯಸ್ಸಿಗೇ 'ಸೇತ್ ಜೋನ್ಸ್' ಎಂಬ ಸಾಹಸದ ಕಥೆ ಬರೆದರು, ಹತ್ತು ಸೆಂಟಿನ ಆ ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಆಮೇಲೆ ಹತ್ತಾರು ಹೆಸರುಗಳಲ್ಲಿ ಬರೆದಿದ್ದೇ ಬರೆದಿದ್ದು. ಸ್ಟೀಮ್ ಮ್ಯಾನ್ ಕೂಡ ಅರ್ಧ 'ವೆಸ್ಟರ್ನ್', ಅಂದರೆ ಅಮೆರಿಕದ ಪಶ್ಚಿಮ ಬಯಲುಗಳ ಸಾಹಸದ ಕಥೆಯೇ: ಚಿನ್ನ ಅಗೆಯುವವರು, ಬಯಲು, ವಿಲನ್‌ಗಳಾಗಿ ಮೂಲನಿವಾಸಿಗಳು. ಈ ಕೊನೆಯದು ಈಗ ಓದುವಾಗ ಚುಚ್ಚುತ್ತದೆ.

ಯಂತ್ರ ಮಾತ್ರ ಪೂರ್ತಿ ಕಲ್ಪನೆಯಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ನ್ಯೂಜೆರ್ಸಿಯ ನೆವಾರ್ಕ್‌ನ ಝೇಡಾಕ್ ಡೆಡ್ರಿಕ್ ಮತ್ತು ಐಸಾಕ್ ಗ್ರಾಸ್ ಇಂಥದ್ದೇ ಉಗಿ ಮನುಷ್ಯನಿಗೆ ಪೇಟೆಂಟ್ ಪಡೆದಿದ್ದರು. ಎತ್ತರ 7 ಅಡಿ 9 ಇಂಚು, ಮೂರು ಕುದುರೆಶಕ್ತಿ ಅಂತ ಸುದ್ದಿ. ಎರಡೇ ಕಾಲಿನ ಮೇಲೆ ಬೀಳದೆ ನಿಲ್ಲೋದು ಹೇಗೆ? ಅವರು ಜಾಣರು, ಆಳನ್ನು ಗಾಡಿಯ ಚೌಕಟ್ಟಿಗೇ ಕಟ್ಟಿಬಿಟ್ಟರು.

ನಾನು ಸುಮ್ನೆ ಒಂದು ಲೆಕ್ಕ ಹಾಕಿದೆ. ಬೆಂಕಿಯ ಶಾಖದಲ್ಲಿ ನೂರಕ್ಕೆ ಐದು ಪಾಲು ಕೆಲಸವಾಗಿ ಸಿಕ್ಕರೂ, ಮೂರು ಕುದುರೆಶಕ್ತಿಗೆ ಗಂಟೆಗೆ ಸುಮಾರು 60 ಲೀಟರ್ ನೀರು ಉಗಿಯಾಗಬೇಕು. ನಾಲ್ಕೈದು ಬಿಂದಿಗೆ! ಸೌದೆ ಬೇರೆ. ಒಣ ಬಯಲಲ್ಲಿ ನಿಜವಾದ ಕುದುರೆಯೇ ವಾಸಿ, ಅಲ್ವಾ?

ಬಾಯ್ಲರ್ ಸಿಡಿಯೋದು ಆ ಕಾಲದವರಿಗೆ ಹೊಸದಲ್ಲ. 1865ರಲ್ಲಿ ಮಿಸಿಸಿಪ್ಪಿ ನದಿಯಲ್ಲಿ 'ಸುಲ್ತಾನಾ' ಹಡಗಿನ ಬಾಯ್ಲರ್‌ಗಳು ಸಿಡಿದು ಸಾವಿರಕ್ಕೂ ಜಾಸ್ತಿ ಜನ ಸತ್ತಿದ್ದರು. ಕುಕ್ಕರ್‌ನಲ್ಲಿ ಆಗುವಂತೆ, ಒತ್ತಡದಲ್ಲಿದ್ದಾಗ ನೀರು 100 ಡಿಗ್ರಿ ದಾಟಿದರೂ ನೀರಾಗೇ ಇರುತ್ತದೆ. ತಗಡು ಸೀಳಿದ ಕೂಡಲೇ ಒತ್ತಡ ಇಳಿದು, ಅದರಲ್ಲೊಂದು ಪಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಉಗಿಯಾಗುತ್ತದೆ, ಮತ್ತು ಉಗಿಗೆ ನೀರಿಗಿಂತ ಸುಮಾರು 1,600 ಪಟ್ಟು ಜಾಗ ಬೇಕು.

ಎಲ್ಲಿಸ್ ಕಥೆ ಮುಗಿಸಿದ್ದೂ ಇದರಿಂದಲೇ. ಶತ್ರುಗಳು ಕಣಿವೆಯ ದಾರಿ ಕಟ್ಟಿದಾಗ ಜಾನಿ ಬೆಂಕಿ ಜೋರು ಮಾಡಿ, ಒತ್ತಡ ಏರಿಸಿ, ತನ್ನ ಆಳನ್ನು ಅವರತ್ತ ಓಡಿಸಿಬಿಡುತ್ತಾನೆ. ಢಂ! ಎಂಟು ವರ್ಷಗಳ ನಂತರ, 1876ರಲ್ಲಿ, ಹ್ಯಾರಿ ಎಂಟನ್ ಎಂಬ ಇನ್ನೊಬ್ಬ ಲೇಖಕ ಆ ಆಳನ್ನು ಮತ್ತೆ ಎಬ್ಬಿಸಿ, ಫ್ರಾಂಕ್ ರೀಡ್ ಅನ್ನೋ ಬೇರೆ ಹುಡುಗನ ಕೈಗೆ ಕೊಟ್ಟರು.