ಜಪ್ತಿ ಬೈಕುಗಳ ಕೆಳಗಿನ ಬಾಂದುಕಲ್ಲು

ಪೊಲೀಸರು ಮಹಜರು ಬರೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಅವರ ಕೈಯ ಅಚ್ಚುಕಟ್ಟು ಗೊತ್ತಿರುತ್ತದೆ. ಕಳವಾದ ಮನೆಯ ಉತ್ತರಕ್ಕೆ ಯಾರ ಮನೆ, ದಕ್ಷಿಣಕ್ಕೆ ಯಾವ ಓಣಿ, ಬಾಗಿಲಿನಿಂದ ಬೀರು ಎಷ್ಟು ಅಡಿ, ಎಲ್ಲವೂ ಚಕ್ಕುಬಂದಿ ಸಮೇತ ಕಾಗದಕ್ಕೆ ಇಳಿಯುತ್ತದೆ. ಅದೇ ಠಾಣೆಯಲ್ಲಿ ನಿಂತು, 'ನಿಮ್ಮ ಠಾಣೆಯ ಚಕ್ಕುಬಂದಿ ಹೇಳಿ ಸಾರ್' ಎಂದು ಕೇಳಿ ನೋಡಿ. ಮುಂದೆ ರಸ್ತೆ, ಹಿಂದೆ ಕ್ವಾರ್ಟರ್ಸ್. ಎಡಬಲಕ್ಕೆ ಬರುವಷ್ಟರಲ್ಲಿ ಮಾತು ನಿಂತಿರುತ್ತದೆ.

ಅವರನ್ನು ದೂರಿ ಪ್ರಯೋಜನವಿಲ್ಲ. ಕಾನೂನಿನ ಲೆಕ್ಕದಲ್ಲಿ ಪೊಲೀಸ್ ಠಾಣೆ ಎಂದರೆ ಕಟ್ಟಡವೇ ಅಲ್ಲ. ರಾಜ್ಯ ಸರ್ಕಾರ ಠಾಣೆಯೆಂದು ಘೋಷಿಸಿದ ಜಾಗ ಮತ್ತು ಅದಕ್ಕೆ ಸೇರಿಸಿದ ಸರಹದ್ದು. ಸರಹದ್ದಿನ ಗಡಿ ಯಾವ ಹಳ್ಳಕ್ಕೆ ಮುಗಿಯುತ್ತದೆ ಎಂಬುದು ಬೀಟ್ ಕಾನ್‌ಸ್ಟೆಬಲ್‌ಗೆ ಬಾಯಿಪಾಠ. ಆದರೆ ಕಾಲ ಕೆಳಗಿನ ನೆಲದ ಗಡಿ ಕೇಳುವ ಪ್ರಸಂಗ ಯಾರಿಗೂ ಬರುವುದಿಲ್ಲ, ಹೊಸ ಕಟ್ಟಡ ಮಂಜೂರಾಗುವವರೆಗೆ. ನಾನು ಸಿವಿಲ್ ಎಂಜಿನಿಯರ್. ಸರ್ಕಾರಿ ಆವರಣಗಳನ್ನು ಅಳೆದು ನಕ್ಷೆ ಮಾಡುವುದು ಕಸುಬು. ಠಾಣೆಯವರು ನನ್ನನ್ನು ಕರೆಯುವುದೂ ಆ ಗಳಿಗೆಯಲ್ಲೇ, ಅಂದರೆ ಸ್ವಲ್ಪ ತಡವಾಗಿ.

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರದ ಕತೆ ಹೇಳುತ್ತೇನೆ. ಮಂಗಳೂರು ಹೆಂಚಿನ ಹಳೆಯ ಠಾಣೆ, ಪಕ್ಕದಲ್ಲಿ ಹೊಸದಕ್ಕೆ ಅನುಮೋದನೆ ಬಂದಿತ್ತು. ಪಹಣಿಯಲ್ಲಿ 1 ಎಕರೆ 10 ಗುಂಟೆ. ಕಾಂಪೌಂಡಿನ ಒಳಗೆ ಟೇಪು ಹಿಡಿದರೆ ಸಿಕ್ಕಿದ್ದು 38 ಗುಂಟೆ. 50 ಗುಂಟೆಯಲ್ಲಿ 12 ಇಲ್ಲ, ಅಂದರೆ 13,000 ಚದರಡಿಗೂ ಮಿಕ್ಕ ನೆಲ ಕಾಣೆಯಾಗಿದೆ! ಕಾಣೆಯಾದವರ ದೂರು ಬರೆದುಕೊಳ್ಳುವ ಜಾಗದಲ್ಲೇ. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಲಮಿನಲ್ಲಿ 'ಸರ್ಕಾರಿ' ಎಂದಷ್ಟೇ ಇತ್ತು. ಸಾಗುವಳಿಯ 12ನೇ ಕಲಮಿನಲ್ಲಿ ಯಾವ ಪುಣ್ಯಾತ್ಮನೋ ರಾಗಿ ಬೆಳೆ ತೋರಿಸಿದ್ದ. ದಫೇದಾರರು ಅದನ್ನು ಓದಿ, 'ಹಂಗಾರೆ ಮುದ್ದೆ ಯಾರು ತಿಂದ್ರು ಸಾರ್' ಎಂದರು.

ಪಹಣಿ ವಿಸ್ತೀರ್ಣ ಹೇಳುತ್ತದೆ, ಆಕಾರ ಹೇಳುವುದಿಲ್ಲ. ಆಕಾರಕ್ಕೆ ಮೂಲ ಟಿಪ್ಪಣಿ ಬೇಕು. ಮೊದಲ ಸರ್ವೆಯ ಕಾಲದಲ್ಲಿ ಭೂಮಾಪಕರು ಜಮೀನಿನಲ್ಲಿ ಸರಪಳಿ ಎಳೆದು, ನಡುವೆ ಒಂದು ಗೆರೆ ಹಿಡಿದು, ಅದರಿಂದ ಪ್ರತಿ ಮೂಲೆಗೆ ಎಷ್ಟು ದೂರ ಎಂದು ಬರೆದಿಟ್ಟ ಹಾಳೆ ಅದು. ಆ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಳೆದರೆ 1,089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆ ಸೇರಿದರೆ ಎಕರೆ. ಇಡೀ ಲೆಕ್ಕ ಆ ಕಬ್ಬಿಣದ ಕೊಂಡಿಗಳಿಂದಲೇ ಹುಟ್ಟಿದ್ದು. ಟಿಪ್ಪಣಿ, ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕಾಶೆ ಮೂರನ್ನೂ ಭೂದಾಖಲೆಗಳ ಕಚೇರಿಯಿಂದ ತೆಗೆಸಿ ಪಕ್ಕಪಕ್ಕ ಇಟ್ಟುಕೊಳ್ಳದೆ ಕ್ಷೇತ್ರಕ್ಕೆ ಹೋಗುವುದು ವ್ಯರ್ಥ.

ಈಗಿನ ಹುಡುಗರು ಫೋನಿನಲ್ಲಿ ದಿಶಾಂಕ್ ತೆರೆದು, 'ಸಾರ್, ಸರ್ವೆ ನಂಬರ್ ಇಲ್ಲೇ ತೋರಿಸ್ತಿದೆ, ಕಾಂಪೌಂಡು ತಪ್ಪಾಗಿದೆ' ಎನ್ನುತ್ತಾರೆ. ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ತಿಳಿಯಲು ಅದು ಬಹಳ ಒಳ್ಳೆಯ ಆ್ಯಪ್. ಗಡಿ ನಿರ್ಧಾರಕ್ಕೆ ಅಲ್ಲ. ಹಳೆಯ ಗ್ರಾಮ ನಕಾಶೆಯನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ಕೂರಿಸಿದ್ದು. ಗೆರೆ ಅತ್ತಿತ್ತ ಸರಿದಿರಬಹುದು, ಫೋನಿನ ಜಿಪಿಎಸ್ ತನ್ನದೂ ಒಂದಷ್ಟು ಸೇರಿಸುತ್ತದೆ. ಅದನ್ನು ನಂಬಿ ಗೋಡೆ ಒಡೆಯಲು ಹೊರಟವರನ್ನು ನಾನು ಕಂಡಿದ್ದೇನೆ.

ಇದರ ಇನ್ನೊಂದು ತುದಿ ರೋವರ್, ಅಂದರೆ ಕೋಲಿನ ಮೇಲೆ ಹಿಡಿದು ಓಡಾಡುವ ನಿಖರ ಜಿಪಿಎಸ್ ಉಪಕರಣ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಕಾರ್ಸ್ ನಿಲ್ದಾಣಗಳ (ಸದಾ ಉಪಗ್ರಹ ಸಂಕೇತ ಹಿಡಿಯುವ ಸ್ಥಿರ ಕೇಂದ್ರಗಳ) ಜಾಲಕ್ಕೆ ಕೂಡಿಸಿ ಇಟ್ಟರೆ ಕೆಲವೇ ಸೆಂಟಿಮೀಟರಿನ ಒಳಗೆ ಬಿಂದು ಹೇಳುತ್ತದೆ. ಸರಿ, ಆದರೆ ಟಿಪ್ಪಣಿ ಮಾತಾಡುವುದು ಆಣೆಯಲ್ಲಿ, ಒಂದು ಆಣೆ ಎಂದರೆ ಎರಡಡಿಗೆ ಚೂರು ಹೆಚ್ಚು. ಆಣೆಯಲ್ಲಿ ಬರೆದ ಗಡಿಯನ್ನು ಸೆಂಟಿಮೀಟರಿನಲ್ಲಿ ಸಾಧಿಸುತ್ತೇನೆ ಎನ್ನುವ ಸರ್ವೆಯರ್ ತನಗೂ ಪಕ್ಕದ ಹಿಡುವಳಿದಾರನಿಗೂ ಬೇಡದ ಜಗಳ ತಂದುಹಾಕುತ್ತಾನೆ. ಕೊನೆಗೂ ನಂಬಬೇಕಾದ್ದು ನೆಲದಲ್ಲಿ ಸಿಕ್ಕ ಬಾಂದುಕಲ್ಲನ್ನು, ಅಂದರೆ ಗಡಿಯ ಗುರುತಿಗೆ ನೆಟ್ಟ ಕಲ್ಲನ್ನು. ರೋವರ್ ಆ ಕಲ್ಲಿನ ಗುರುತು ಕಳೆಯದಂತೆ ಬರೆದಿಡುವ ಉಪಕರಣ ಅಷ್ಟೇ.

ಠಾಣೆಯ ಆವರಣದಲ್ಲಿ ರೋವರ್‌ಗೂ ಕಷ್ಟವೇ. ದೊಡ್ಡ ಮಳೆಮರಗಳು, ವೈರ್‌ಲೆಸ್ ಗೋಪುರ, ಎತ್ತರದ ಗೋಡೆ. ಮರದಡಿ ಹೋದರೆ ಆಕಾಶ ಮುಚ್ಚುತ್ತದೆ, ಅಂಕಿ ಕುಣಿಯುತ್ತದೆ. ಹಾಗಾಗಿ ಬಯಲಿನಲ್ಲಿ ಎರಡು ಬಿಂದು ರೋವರ್‌ನಿಂದ ಹಿಡಿದು, ಅಲ್ಲಿಂದ ಮುಂದೆ ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್‌ನಲ್ಲಿ ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ ಬಂದು ಹೊರಟಲ್ಲಿಗೇ ಮುಟ್ಟಬೇಕು. ಮುಟ್ಟಿದಾಗ ಎಷ್ಟು ತಪ್ಪುತ್ತದೋ ಅದೇ ನಮ್ಮ ಕೆಲಸದ ಮಾರ್ಕ್ಸ್ ಕಾರ್ಡ್. ಆ ಅಂಕಿ ಇಲ್ಲದ ಸರ್ವೆ ವರದಿಗೆ ಅಧಿಕಾರಿಗಳು ಸಹಿ ಹಾಕಬಾರದು ಎಂಬುದು ನನ್ನ ಹಟ.

ಆ ಊರಿನಲ್ಲಿ ಮೂರು ಮೂಲೆಯ ಕಲ್ಲು ಸಿಕ್ಕವು. ಆಗ್ನೇಯ ಮೂಲೆಯದು ಸಿಗಲಿಲ್ಲ. ಟಿಪ್ಪಣಿ ಪ್ರಕಾರ ಅದು ಇರಬೇಕಾದ ಜಾಗದಲ್ಲಿ ಜಪ್ತಿ ಮಾಡಿದ ಬೈಕುಗಳ ಗುಡ್ಡೆ, ಮೇಲೆ ಹಬ್ಬಿದ ಬಳ್ಳಿ. ವಾಹನಗಳನ್ನು ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಯಿಸಬೇಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಬಳ್ಳಿಗೆ ಅದು ತಿಳಿಯದು. 'ಎತ್ತೋಣ ಸಾರ್, ಆದ್ರೆ ಒಂದೊಂದ್ರುದೂ ಪಿಎಫ್ ನಂಬರ್ ನೋಡ್ಕೊಂಡೇ ಎತ್ತಬೇಕು, ನಾಳೆ ಕೋರ್ಟ್ನಲ್ಲಿ ನಾನು ಉತ್ತರ ಹೇಳೋನು' ಎಂದರು ದಫೇದಾರರು. ಪಿಎಫ್ ಎಂದರೆ ಪ್ರಾಪರ್ಟಿ ಫಾರಂ, ಜಪ್ತಿ ಮಾಲಿನ ದಾಖಲೆ. ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ, ಇಬ್ಬರು ಹೋಂಗಾರ್ಡುಗಳ ಕೈಯಲ್ಲಿ ಒಂದೊಂದೇ ಸರಿಸಿದರು. ಎರಡು ದಿನ ಹಿಡಿಯಿತು. ಎರಡನೇ ದಿನ ಮಧ್ಯಾಹ್ನ ಹಾರೆ ತಗುಲಿ ಟಣ್ ಎಂದಿತು. ಮೊಳಕಾಲುದ್ದದ ಒರಟು ಕಲ್ಲು, ನೆಲದಿಂದ ನಾಲ್ಕು ಬೆರಳು ಕೆಳಗೆ.

ನಾಲ್ಕು ಕಲ್ಲು ಕೂಡಿಸಿದ ಮೇಲೆ ಗುಟ್ಟು ಬಯಲಾಯಿತು. 7 ಗುಂಟೆ ರಸ್ತೆಗೆ ಹೋಗಿತ್ತು. ಎರಡು ಬಾರಿ ಅಗಲ ಮಾಡಿದಾಗಲೂ ಯಾರೂ ಪಹಣಿಯಲ್ಲಿ ಕಡಿಮೆ ಮಾಡಿಸಿರಲಿಲ್ಲ. ಉಳಿದ 5 ಗುಂಟೆ ಪೂರ್ವಕ್ಕೆ, ಗೋಡೆಯ ಆಚೆಗಿನ ಒಂದು ತ್ರಿಕೋನ. ಮೂಲ ಗಡಿ ಅಲ್ಲಿ ಮೊಣಕೈಯಂತೆ ಬಾಗಿತ್ತು. ಕಾಂಪೌಂಡು ಕಟ್ಟಿದವರು ಬಾಗು ಬಿಟ್ಟು ನೇರ ಎಳೆದಿದ್ದರು, ಬಹುಶಃ ಗೋಡೆಯ ಉದ್ದ ಉಳಿಸಲು. ಆ ತ್ರಿಕೋನದಲ್ಲಿ ಈಗ ಮೂರು ಅಂಗಡಿ, ಒಂದು ಪಂಕ್ಚರ್ ಶಾಪು.

ಎಲ್ಲ ಆವರಣಗಳಲ್ಲೂ ನಾನು ಕಾಣುವ ಕಾಯಿಲೆ ಇದು: ಗೋಡೆಯನ್ನೇ ಗಡಿ ಎಂದುಕೊಳ್ಳುವುದು. ಗೋಡೆ ಗುತ್ತಿಗೆದಾರನ ಅನುಕೂಲ. ಒತ್ತುವರಿಯಾದ ನೆಲವನ್ನು ಮರಳಿ ಪಡೆಯಲು ಸರ್ಕಾರ ಹಾಕುವ ಸ್ವಾಧೀನದ ದಾವೆಗೆ ಕಾಲಮಿತಿ ಕಾಯ್ದೆ 30 ವರ್ಷ ಕೊಟ್ಟಿದೆ, ಖಾಸಗಿಯವರಿಗೆ 12. ಮೂವತ್ತು ಬಹಳವಾಯಿತಲ್ಲ ಎನಿಸುತ್ತದೆ, ಆದರೆ ಇನ್‌ಸ್ಪೆಕ್ಟರ್ ಒಂದೂರಿನಲ್ಲಿ ಇರುವುದು ಒಂದೆರಡು ವರ್ಷ. ಮೂವತ್ತು ವರ್ಷದಲ್ಲಿ ಹದಿನೈದು ಅಧಿಕಾರಿಗಳು ಬಂದು ಹೋಗಿರುತ್ತಾರೆ, ಒಬ್ಬೊಬ್ಬರೂ ಅದೇ ಗೋಡೆಯನ್ನು ನೋಡಿಕೊಂಡು. ಚಾರ್ಜ್ ಕೊಡುವಾಗ ಬಂದೂಕು, ಗುಂಡು, ಲಾಠಿ, ಕೈಕೋಳ ಎಣಿಸಿ ಕೊಡುತ್ತಾರೆ. ನೆಲವನ್ನು ಎಣಿಸಿ ಕೊಟ್ಟವರನ್ನು ನಾನು ನೋಡಿಲ್ಲ.

ಮನೆ ಯಾರದು ಎಂಬ ಪ್ರಶ್ನೆಯೂ ಇಲ್ಲಿ ಸಲೀಸಲ್ಲ. ಪೊಲೀಸ್ ಕಟ್ಟಡ, ವಸತಿಗೃಹ ಕಟ್ಟಲೆಂದೇ 1985ರಲ್ಲಿ ಶುರುವಾದ ನಿಗಮ ಇದೆ, ಈಗಿನ ಹೆಸರು ಕರ್ನಾಟಕ ರಾಜ್ಯ ಪೊಲೀಸ್ ವಸತಿ ಮತ್ತು ಮೂಲಸೌಲಭ್ಯ ಅಭಿವೃದ್ಧಿ ನಿಗಮ. ಹಳೆಯ ಕಟ್ಟಡಗಳು ಲೋಕೋಪಯೋಗಿ ಇಲಾಖೆಯ ಲೆಕ್ಕದಲ್ಲಿರುವುದುಂಟು. ಜಾಗ ಕಾಯ್ದಿರಿಸುವುದು ಜಿಲ್ಲಾಧಿಕಾರಿ, 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಡಿ. ಅಳತೆ ಸರ್ವೆ ಇಲಾಖೆಯದು, ಖಾತೆ ಪುರಸಭೆಯದೋ ಪಂಚಾಯಿತಿಯದೋ. ಒಳಗೆ ಕೂತು ಕೆಲಸ ಮಾಡುವವರು ಮಾತ್ರ ಪೊಲೀಸರು. ಆದ್ದರಿಂದ ಮಂಜೂರಾತಿ ಆದೇಶ ಬಂದ ದಿನವೇ ಪಹಣಿಯಲ್ಲಿ ಇಲಾಖೆಯ ಹೆಸರು ಕೂರಿಸಿ, ದೊಡ್ಡ ಸರ್ವೆ ನಂಬರಿನ ತುಂಡಾದರೆ ಪೋಡಿ ಮಾಡಿಸಬೇಕು, ಅಂದರೆ ಅಳೆದು ಬೇರ್ಪಡಿಸಿ ಪ್ರತ್ಯೇಕ ನಂಬರ್ ಕೊಡಿಸಬೇಕು. ಪೋಡಿಯಾಗದ ಜಮೀನಿಗೆ ಗಡಿಯೇ ಹುಟ್ಟಿರುವುದಿಲ್ಲ, ಇನ್ನು ಒತ್ತುವರಿ ಎಂದು ಯಾರ ಮೇಲೆ ಹೇಳುವುದು? ಬರೀ 'ಸರ್ಕಾರಿ' ಎಂದಿದ್ದರೆ ನಾಳೆ ಇನ್ನೊಂದು ಇಲಾಖೆ ಬಂದು, ನಾವೂ ಸರ್ಕಾರವೇ ಅಲ್ಲವೇ ಎಂದು ಬೋರ್ಡು ನೆಟ್ಟರೆ ತಡೆಯಲು ಕಾಗದವಿಲ್ಲ.

ಖರಾಬನ್ನೂ, ಅಂದರೆ ಸಾಗುವಳಿಗೆ ಬಾರದ್ದೆಂದು ದಾಖಲೆಯಲ್ಲಿ ಬಿಟ್ಟ ನೆಲವನ್ನೂ, ನೋಡಿಕೊಳ್ಳಬೇಕು. ಬಿ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ನೆಲ. ಹಳ್ಳವನ್ನು ಕಟ್ಟಡದ ಜಾಗಕ್ಕೆ ಲೆಕ್ಕ ಹಿಡಿದರೆ ಮಳೆಗಾಲದಲ್ಲಿ ಹಳ್ಳ ತನ್ನ ಲೆಕ್ಕ ತಾನೇ ಹಿಡಿಯುತ್ತದೆ, ಮೊದಲು ನೆನೆಯುವುದು ಕೆಳಗಿನ ಕಪಾಟಿನ ಕೇಸ್ ಡೈರಿಗಳು.

ರಾಜ್ಯಕ್ಕೆಲ್ಲ ಒಂದೇ ಪಟ್ಟಿ ಮಾಡಲು ಹೊರಟರೆ ಇನ್ನೊಂದು ಗುಂಡಿ ಕಾದಿರುತ್ತದೆ. ಬೊಂಬಾಯಿ ಪದ್ಧತಿಯ ಸರ್ವೆ ನಡೆದ ಕಡೆ ಎಕರೆ–ಗುಂಟೆ. ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಉಡುಪಿ ಕಡೆ ಎಕರೆ–ಸೆಂಟ್ಸ್. ಕರಾವಳಿಯ ಒಂದು ಜಾಗದ ವಿಸ್ತೀರ್ಣ ಪಟ್ಟಿಯಲ್ಲಿ '0.25' ಎಂದಿತ್ತು. ನಕ್ಷೆ ಬರೆಯುವಾತ ಬಯಲುಸೀಮೆಯವನು, 25 ಗುಂಟೆ ಎಂದು ಓದಿ 27,225 ಚದರಡಿಗೆ ಕಟ್ಟಡ ಕೂರಿಸಿದ್ದ. ಅಸಲು 25 ಸೆಂಟ್ಸ್, 10,890 ಚದರಡಿ. ಒಂದು ಗುಂಟೆಗೆ ಎರಡೂವರೆ ಸೆಂಟ್ಸು. ಸುಳ್ಳೇಕೆ, ಆ ಹಾಳೆಯನ್ನು ತಿದ್ದಬೇಕಾದ ನಾನೂ ಮೊದಲ ಸಲ ಹಾಗೇ ಓದಿ ದಾಟಿದ್ದೆ. ಜಾಗ ನೋಡಲು ಹೋದಾಗ ಅಲ್ಲಿನ ಎಎಸ್‌ಐ ನಕ್ಷೆ ನೋಡಿ, 'ಇಷ್ಟು ಜಾಗ ಎಲ್ಲಿ ಉಂಟು ಮಾರಾಯ್ರೆ' ಎಂದು ನಕ್ಕರು. ಆಮೇಲಿಂದ ನನ್ನ ಪಟ್ಟಿಗಳಲ್ಲಿ ಚದರ ಮೀಟರಿನ ಕಲಮು ಕಡ್ಡಾಯ, ಪಕ್ಕದಲ್ಲಿ ಮೂಲ ದಾಖಲೆಯ ಅಳತೆ ಹೇಗಿದೆಯೋ ಹಾಗೆ.

ನೆಲದ ಮಾತು ಬಿಟ್ಟು ಒಳಗೆ ಬರೋಣ. ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಆದೇಶಿಸಿತು. ಒಳಬರುವ, ಹೊರಹೋಗುವ ಬಾಗಿಲು, ಲಾಕಪ್, ಕಾರಿಡಾರ್, ವರಾಂಡ, ಇನ್‌ಸ್ಪೆಕ್ಟರ್ ಕೋಣೆ, ಶೌಚಾಲಯದ ಹೊರಭಾಗ, ಕಟ್ಟಡದ ಹಿಂಬದಿ, ಯಾವ ಮೂಲೆಯೂ ಬಿಡಬಾರದು. ಕ್ಯಾಮೆರಾ ಎಲ್ಲಿ, ಎಷ್ಟು ಎಂದು ತೀರ್ಮಾನಿಸಲು ಮೊದಲು ಕಟ್ಟಡದ ಈಗಿನ ನಕ್ಷೆ ಬೇಕು. ಕಡತದಲ್ಲಿರುವುದು ಕಟ್ಟುವ ಮುಂಚಿನ ನಕ್ಷೆ. ಆಮೇಲೆ ವರಾಂಡಕ್ಕೆ ಗ್ರಿಲ್ ಬಿದ್ದು ರೈಟರ್ ಕೋಣೆಯಾಗಿರುತ್ತದೆ, ಉಗ್ರಾಣ ಮಹಿಳಾ ಸಹಾಯವಾಣಿಯಾಗಿರುತ್ತದೆ, ಹಿಂಬಾಗಿಲು ಇಟ್ಟಿಗೆಯಲ್ಲಿ ಮುಚ್ಚಿ ಇನ್ನೊಂದು ಕಡೆ ಬಾಗಿಲು ಒಡೆದಿರುತ್ತಾರೆ. ಹಳೆಯ ನಕ್ಷೆ ನೋಡಿ ಕ್ಯಾಮೆರಾ ಹಾಕಿದರೆ ಅದು ಗೋಡೆಯನ್ನು ಕಾಯುತ್ತದೆ.

ಆದ್ದರಿಂದ ಪ್ರತಿ ಕೋಣೆ ಹೊಸದಾಗಿ ಅಳೆಯಬೇಕು. ಲೇಸರ್ ಮೀಟರ್ ಇದ್ದರೆ ಕ್ಷಣದ ಕೆಲಸ, ಆದರೆ ಉದ್ದ–ಅಗಲ ಬರೆದು ಎದ್ದು ಬರುವವರು ಸಿಕ್ಕಿಬೀಳುವುದು ಕರ್ಣದಲ್ಲಿ. 12 ಅಡಿಗೆ 16 ಅಡಿಯ ಕೋಣೆಯ ಮೂಲೆಯಿಂದ ಮೂಲೆಗೆ ಸರಿಯಾಗಿ 20 ಅಡಿ ಬರಬೇಕು. ಹಳೆಯ ಕಲ್ಲಿನ ಠಾಣೆಗಳಲ್ಲಿ ಒಂದು ಕಡೆ 20 ಅಡಿ 4 ಇಂಚು, ಇನ್ನೊಂದು ಕಡೆ ಅದಕ್ಕಿಂತ ಕಡಿಮೆ ಬರುತ್ತದೆ. ಕೋಣೆ ಓರೆಯಾಗಿದೆ ಎಂದರ್ಥ. ಕರ್ಣ ಹಿಡಿಯದೆ ಚೌಕ ಎಂದುಕೊಂಡು ಬರೆದರೆ, ಹತ್ತು ಕೋಣೆ ದಾಟುವಷ್ಟರಲ್ಲಿ ಒಳಗಿನ ನಕ್ಷೆ ಹೊರಗಿನ ಗೋಡೆಯನ್ನು ತೂರಿಕೊಂಡು ಹೋಗಿರುತ್ತದೆ.

ಲಾಕಪ್ಪು, ಬಂದೂಕು ಇಡುವ ಕೋಣೆ, ವೈರ್‌ಲೆಸ್ ಕೋಣೆ, ಇವು ಎಲ್ಲರ ಕೈಗೆ ಸಿಗುವ ಹಾಳೆಯಲ್ಲಿ ಇರಬಾರದು. ನಾನು ಎರಡು ಪದರ ಮಾಡುತ್ತೇನೆ: ಹೊರಗೋಡೆ, ಗಡಿ, ಮರ, ಚರಂಡಿ, ಕಂಬಗಳದ್ದು ಒಂದು, ಒಳಗಿನ ಬಳಕೆಯದ್ದು ಇನ್ನೊಂದು. ಟೆಂಡರಿಗೆ ಮೊದಲನೆಯದು ಮಾತ್ರ. ಎರಡನೆಯದರ ಪ್ರತಿ ಯಾರ ಬಳಿ ಇದೆ ಎಂದು ಸಹಿ ಮಾಡಿಸಿಕೊಂಡೇ ಕೊಡುವುದು. ನನ್ನ ಹುಡುಗನೊಬ್ಬ ಇಡೀ ಠಾಣೆಯ ನಕ್ಷೆಯನ್ನು ವಾಟ್ಸಾಪಿನಲ್ಲಿ ಪೈಂಟ್ ಮೇಸ್ತ್ರಿಗೆ ಕಳಿಸಿದ ದಿನ ಈ ನಿಯಮ ಹುಟ್ಟಿತು.

ಆ ತಾಲ್ಲೂಕು ಠಾಣೆಯ ತ್ರಿಕೋನಕ್ಕೆ ಹದ್ದುಬಸ್ತಿನ ಅರ್ಜಿ, ಅಂದರೆ ಗಡಿ ಅಳೆದು ಗುರುತಿಸಿ ಕೊಡಿ ಎಂಬ ಅರ್ಜಿ, ಹೋಯಿತು. ಬಾಜುದಾರರಿಗೆ ನೋಟಿಸು ಕೊಟ್ಟು, ಅವರ ಎದುರಿಗೇ ಸರ್ಕಾರಿ ಭೂಮಾಪಕರು ಅಳೆದರು. ನನ್ನ ಅಳತೆ ಎಷ್ಟೇ ಸರಿಯಿದ್ದರೂ ಕಾನೂನಿಗೆ ಬೇಕಾದ್ದು ಅವರದು, ಅದು ಹಾಗೇ ಇರಬೇಕು ಕೂಡ. ಅಂಗಡಿಯವರಲ್ಲಿ ಇಬ್ಬರು ತಕರಾರು ಬರೆದುಕೊಟ್ಟಿದ್ದಾರೆ, ಪಂಕ್ಚರ್ ಶಾಪಿನವನು ಮಾತ್ರ 'ಎಲ್ಲಿಗೆ ಹೋಗ್ಬೇಕು ಹೇಳಿ' ಎಂದು ಕೇಳಿದ. ಹೊಸ ಕಟ್ಟಡವನ್ನು ತಕರಾರಿಲ್ಲದ 38 ಗುಂಟೆಯ ಒಳಗೇ ಕೂರಿಸಿ ನಕ್ಷೆ ಬದಲಿಸಿದೆವು.

ನಾಲ್ಕೂ ಕಲ್ಲಿಗೆ ಸುಣ್ಣ ಬಳಿದು, ಅವುಗಳ ಅಕ್ಷಾಂಶ–ರೇಖಾಂಶ ಬರೆದ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ ಠಾಣೆಗೆ ಕೊಟ್ಟು ಬಂದಿದ್ದೆ. ಆರು ತಿಂಗಳ ನಂತರ ತಳಪಾಯ ನೋಡಲು ಹೋದಾಗ ಆಗ್ನೇಯ ಮೂಲೆಯಲ್ಲಿ ಬೈಕುಗಳು ಮತ್ತೆ ಪೇರಿಸಿದ್ದವು. ಆದರೆ ಕಲ್ಲಿನ ಸುತ್ತ ಎರಡಡಿ ಜಾಗ ಖಾಲಿ ಬಿಟ್ಟಿದ್ದರು. ದಫೇದಾರರು ಅದಕ್ಕೂ ಪೈಂಟಿನಲ್ಲಿ ಒಂದು ನಂಬರ್ ಬರೆಸಿದ್ದರು.